ಯಾವ ‘ಎಂಪ್ಟಿ’, ಸ್ವಾಮಿ?

ಇಂಗ್ಲಿಷಿನಷ್ಟು ಜಿಪುಣ ಭಾಷೆಯನ್ನು ನಾನು ಕಂಡಿಲ್ಲ. ಒಂದು ಪದ ಕೈಗೆ ಸಿಕ್ಕರೆ ಸಾಕು, ಅದನ್ನೇ ನಾಮಪದ, ಕ್ರಿಯಾಪದ, ಗುಣವಾಚಕ ಅಂತ ಮೂರು ಪಾಳಿಯಲ್ಲೂ ದುಡಿಸುತ್ತದೆ. ‘ಲೈಟ್’ ಅಂದರೆ ಬೆಳಕು, ಹಗುರ, ತಿಳಿಬಣ್ಣ, ಹೊತ್ತಿಸುವುದಕ್ಕೂ ಅದೇ. ‘ಸ್ಪ್ರಿಂಗ್’ ಅಂದರೆ ವಸಂತವೂ ಹೌದು, ನೀರಿನ ಬುಗ್ಗೆಯೂ ಹೌದು, ಹಾಸಿಗೆಯೊಳಗೆ ಬೆನ್ನಿಗೆ ಚುಚ್ಚುವ ಸುರುಳಿಯೂ ಹೌದು. ಇದರಿಂದ ಇಂಗ್ಲಿಷರಿಗೆ ಎಂದೂ ತೊಂದರೆಯಾದಂತಿಲ್ಲ. ತೊಂದರೆ ಹತ್ತಿಕೊಳ್ಳುವುದು ಆ ಪದ ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿನ ದಡ ಮುಟ್ಟಿದಾಗ. ಫ್ರೆಂಚ್ ಭಾಷೆ ತಾಲ್ಲೂಕು ಕಚೇರಿಯ ಗುಮಾಸ್ತನ ಹಾಗೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ವಿಚಾರಣೆ ಶುರುಮಾಡುತ್ತದೆ. ಯಾವ ಲೈಟು? ಗಂಡೋ, ಹೆಣ್ಣೋ? ಒಂದೋ, ಹಲವೋ? ಕ್ರಿಯೆ ಮುಗಿದಿದೆಯೋ, ಇನ್ನೂ ಆಗಬೇಕೋ?

ಆ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಲ್ಲುವುದೇ ನನ್ನ ಹೊಟ್ಟೆಪಾಡು. ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುವವರೆಲ್ಲ ಮೊಲಿಯೇರನ ನಾಟಕ ಓದಲು ಕಲಿಯುತ್ತಾರೆ ಅಂದುಕೊಳ್ಳಬೇಡಿ. ಬಹಳ ಜನ ಕಲಿಯುವುದು ಪಿಯುಸಿಯಲ್ಲಿ ಅಂಕ ಎತ್ತಲಿಕ್ಕೆ. ನಾನೂ ಅದೇ ಮಂದೆಯವನು. ಅಂಕಪಟ್ಟಿ ಬೀರು ಸೇರಿತು, ಫ್ರೆಂಚ್ ಮಾತ್ರ ಹೇಗೋ ಮೈಗೆ ಅಂಟಿಕೊಂಡಿತು. ಈಗ ಮೊಬೈಲ್ ಆ್ಯಪ್‌ಗಳಲ್ಲಿ ಕಾಣುವ ಇಂಗ್ಲಿಷ್ ಮಾತುಗಳು ಫ್ರೆಂಚಿಗೆ ಹೋದಮೇಲೆ ಸರಿಯಾಗಿವೆಯೇ ಅಂತ ಪರೀಕ್ಷಿಸುತ್ತೇನೆ. ಇಂಗ್ಲಿಷ್ ಬರೆದವರು ಮಾರತ್‌ಹಳ್ಳಿಯಲ್ಲೋ ವೈಟ್‌ಫೀಲ್ಡಿನಲ್ಲೋ ಕೂತ ನಮ್ಮ ಹುಡುಗರೇ. ಓದುವವರು ಲಿಯಾನ್, ಮಾರ್ಸೇಯ್‌ಗಳಲ್ಲಿ. ನಡುವೆ ನಾನು ಮತ್ತು ಒಂದು ಎಕ್ಸೆಲ್ ಹಾಳೆ.

ಆ ಹಾಳೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು. ಎಡಗಡೆ ಇಂಗ್ಲಿಷ್, ಬಲಗಡೆ ಫ್ರೆಂಚ್, ಪಕ್ಕದಲ್ಲಿ ‘ಕಾಮೆಂಟ್’ ಎಂಬ ಕಾಲಂ. ಒಂದು ಸಾಲಿನಲ್ಲಿ ಇದ್ದದ್ದು ‘ಎಂಪ್ಟಿ’ ಎಂಬ ಒಂದೇ ಪದ. ಹಿಂದಿಲ್ಲ, ಮುಂದಿಲ್ಲ. ಕಸದ ಬುಟ್ಟಿಯ ಚಿತ್ರದ ಕೆಳಗೆ ಬರುತ್ತದೆ ಅಂತ ಹೇಗೋ ಪತ್ತೆ ಮಾಡಿದೆವು. ಆದರೆ ಬುಟ್ಟಿ ಖಾಲಿ ಇದೆ ಅಂತಲೋ, ಬುಟ್ಟಿ ಖಾಲಿ ಮಾಡು ಅಂತಲೋ? ಫ್ರೆಂಚಿನಲ್ಲಿ ಮೊದಲನೆಯದಕ್ಕೆ ‘ವಿದ್’, ಎರಡನೆಯದಕ್ಕೆ ‘ವಿದೇ’. ಬರವಣಿಗೆಯಲ್ಲಿ ಕೊನೆಗೆ ಒಂದೇ ಅಕ್ಷರದ ವ್ಯತ್ಯಾಸ. ತಪ್ಪು ಹಾಕಿದರೆ, ‘ಏನೂ ಇಲ್ಲ ಬಿಡು’ ಅಂತ ಓದಿಕೊಂಡ ಫ್ರೆಂಚ್ ಮನುಷ್ಯ ಅದನ್ನು ಒತ್ತುತ್ತಾನೆ, ಅವನ ಮಗಳ ಮದುವೆ ಫೋಟೋಗಳು ಕೈಲಾಸ ಸೇರುತ್ತವೆ. ಇಂಜಿನಿಯರ್ ಮಹಾಶಯನಿಗೆ ಬರೆದು ಕೇಳಿದೆ: ‘ಇದು ವರದಿಯೋ, ಆಜ್ಞೆಯೋ?’ ಸಂಜೆ ಉತ್ತರ ಬಂತು: ‘ಎಸ್.’ ಇನ್ನೊಮ್ಮೆ ಬಿಡಿಸಿ ಕೇಳಿದೆ. ‘ಎಂಪ್ಟಿ ಅಂದರೆ ಎಂಪ್ಟಿ, ಸರ್’ ಅಂದ. ಅದ್ವೈತಿಗಳ ವಂಶದವನಿರಬೇಕು.

‘ಓಪನ್’ ಇದರ ಅಣ್ಣ. ಅಂಗಡಿ ತೆರೆದಿದೆಯೋ, ಫೈಲನ್ನು ತೆರೆಯಬೇಕೋ? ‘ಮಾರ್ಚ್’ ತಿಂಗಳಾದರೆ ‘ಮಾರ್ಸ್’, ನಡಿಗೆಯಾದರೆ ‘ಮಾರ್ಶೇ’. ವ್ಯಾಯಾಮದ ಆ್ಯಪ್‌ನಲ್ಲಿ ಎರಡೂ ಇರುತ್ತವೆ. ‘ಸೇವ್’ ಅಂದರೆ ಕಡತವನ್ನು ಉಳಿಸುವುದೋ, ದುಡ್ಡು ಉಳಿಸುವುದೋ, ಮುಳುಗುವವನ ಜೀವ ಉಳಿಸುವುದೋ? ನಮ್ಮ ಕನ್ನಡ ಮೂರಕ್ಕೂ ‘ಉಳಿಸು’ ಅಂದು ಕೈತೊಳೆದುಕೊಳ್ಳುತ್ತದೆ. ಫ್ರೆಂಚ್ ಒಪ್ಪುವುದಿಲ್ಲ, ಅಲ್ಲಿ ಮೂರಕ್ಕೆ ಮೂರು ಕ್ರಿಯಾಪದ. ಎಲ್ಲಕ್ಕಿಂತ ಕಿಲಾಡಿ ‘ಲೆಫ್ಟ್’. ಚಂದಾ ಮುಗಿಯಲು ಇನ್ನು ಮೂರು ದಿನ ಬಾಕಿ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಅಂಕಿ ಒಂದು ಕಡೆ, ‘ಡೇಸ್’ ಇನ್ನೊಂದು ಕಡೆ, ‘ಲೆಫ್ಟ್’ ಮತ್ತೊಂದು ಕಡೆ ತುಂಡುತುಂಡಾಗಿ ಬರುತ್ತವೆ. ಒಂಟಿಯಾಗಿ ನಿಂತ ‘ಲೆಫ್ಟ್’ ಕಂಡವರು ‘ಗೋಶ್’ ಅಂತ ಹಾಕಿಬಿಟ್ಟರೆ, ಗಿರಾಕಿಗೆ ‘ಮೂರು ದಿನ, ಎಡಕ್ಕೆ’ ಅಂತ ದಾರಿ ತೋರಿಸಿದಂತಾಗುತ್ತದೆ.

ಈ ಕಿರಿಕಿರಿಯಿಂದ ಲಾಭವೇ ಆದ ಜಾಗಗಳೂ ಇವೆ. ‘ಫ್ರೀ’ ಎಂಬ ಪದವನ್ನೇ ನೋಡಿ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿ ‘ಫ್ರೀ ಸಾಫ್ಟ್‌ವೇರ್’ ಚಳವಳಿ ಹೂಡಿದ. ‘ಫ್ರೀ ಅಂದರೆ ಸ್ವತಂತ್ರ ಕಣ್ರಪ್ಪಾ, ಪುಕ್ಕಟೆ ಅಲ್ಲ’ ಎಂದು ಅಂದಿನಿಂದ ವಿವರಿಸಿ ವಿವರಿಸಿ ಅವನ ಗಡ್ಡ ಹಣ್ಣಾಯಿತು. ಫ್ರೆಂಚರಿಗೆ ಈ ಪ್ರವಚನವೇ ಬೇಕಾಗಲಿಲ್ಲ. ಸ್ವತಂತ್ರವಾದದ್ದು ‘ಲಿಬ್ರ್’, ದುಡ್ಡಿಲ್ಲದೆ ಸಿಗುವುದು ‘ಗ್ರಾತ್ಯುಯಿ’. ಒಂದರ ಮನೆಗೆ ಇನ್ನೊಂದು ಕಾಲಿಡುವುದಿಲ್ಲ. ಸೀಟು ಖಾಲಿ ಇದ್ದರೂ ಅವರು ‘ಲಿಬ್ರ್’ ಅನ್ನುತ್ತಾರೆ. 2023ರಲ್ಲಿ ನಮ್ಮಲ್ಲಿ ಶಕ್ತಿ ಯೋಜನೆ ಬಂದ ಮೇಲಿನ ಸರ್ಕಾರಿ ಬಸ್ಸುಗಳನ್ನು ವರ್ಣಿಸಲು ಇಷ್ಟು ಒಪ್ಪುವ ಭಾಷೆ ಬೇರೆ ಸಿಗಲಾರದು: ಮಹಿಳೆಯರಿಗೆ ಪ್ರಯಾಣ ಗ್ರಾತ್ಯುಯಿ, ಸೀಟು ಮಾತ್ರ ಲಿಬ್ರ್ ಇಲ್ಲ.

ಮನೆಯಲ್ಲಿ ಜಗಳ ತಂದಿಟ್ಟದ್ದು ‘ರಿವರ್’. ಕಣ್ಣು ತೋರಿಸಲು ತೀರ್ಥಹಳ್ಳಿಯಿಂದ ಬಂದ ಚಿಕ್ಕಮ್ಮ ನನ್ನ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದರು.

‘ಎಂತ ಮಾರಾಯ, ಆಗಿಂದ ಒಂದೇ ಶಬ್ದ ನೋಡ್ಕೊಂಡು ಕೂತಿದೀಯ?’

‘ನದಿ ಚಿಕ್ಕಮ್ಮ. ಫ್ರೆಂಚ್‌ನಲ್ಲಿ ಸಮುದ್ರ ಸೇರೋ ನದಿಗೆ ಫ್ಲೊವ್ ಅಂತಾರೆ. ಬೇರೆ ನದಿಗೆ ಹೋಗಿ ಸೇರಿದ್ರೆ ರಿವಿಯೇರ್. ಪ್ಯಾರಿಸ್‌ನ ಸೇನ್ ಫ್ಲೊವ್, ಅದಕ್ಕೆ ಬಂದು ಸೇರೋ ಮಾರ್ನ್ ರಿವಿಯೇರ್.’

‘ಹಂಗಾರೆ ನಮ್ಮ ತುಂಗೆ?’

‘ಕೂಡ್ಲೀಲಿ ಭದ್ರೆ ಜೊತೆ ಸೇರಿ, ಆಮೇಲೆ ಕೃಷ್ಣೆಗೆ ಹೋಗ್ತಾಳಲ್ಲ. ಹಂಗಾಗಿ ರಿವಿಯೇರ್.’

‘ಶರಾವತಿ?’

‘ಹೊನ್ನಾವರದಲ್ಲಿ ಸೀದಾ ಸಮುದ್ರಕ್ಕೆ. ಫ್ಲೊವ್.’

ಬಟಾಣಿ ಸುಲಿಯುವುದು ನಿಂತಿತು. ಶರಾವತಿ ಹುಟ್ಟುವ ಅಂಬುತೀರ್ಥ ಇರುವುದೂ ತೀರ್ಥಹಳ್ಳಿ ತಾಲ್ಲೂಕಿನಲ್ಲೇ, ಆದ್ದರಿಂದ ಇದು ದಾಯಾದಿಗಳ ವ್ಯಾಜ್ಯ. ‘ಶೃಂಗೇರೀಲಿ ಶಾರದೆ ಪಾದದ ಹತ್ರ ಹರಿದು ಬಂದವಳಿಗೆ ಚಿಕ್ಕ ಪದವಿ, ನಿನ್ನೆ ಮೊನ್ನೆ ಕರೆಂಟು ಕೊಟ್ಟವಳಿಗೆ ದೊಡ್ಡ ಪದವಿಯಾ? ತುಂಗಾ ಪಾನ ಗಂಗಾ ಸ್ನಾನ ಅಂತ ಕೇಳಿಲ್ವಾ ಅವ್ರು?’ ಉದ್ದದ ಲೆಕ್ಕ ತೆಗೆದರೂ ಚಿಕ್ಕಮ್ಮನ ವಾದಕ್ಕೇ ಬಲ. ಶರಾವತಿ 128 ಕಿಲೋಮೀಟರ್ ಹರಿದು ಮುಗಿಯುತ್ತದೆ, ತುಂಗಭದ್ರೆ 531 ಕಿಲೋಮೀಟರ್. ಅಷ್ಟೇಕೆ, 1,376 ಕಿಲೋಮೀಟರ್ ಹರಿಯುವ ಯಮುನೆಯೂ ಗಂಗೆಗೆ ಸೇರಿದ ತಪ್ಪಿಗೆ ಬರೀ ರಿವಿಯೇರ್. ‘ಫ್ರೆಂಚ್‌ನವರಿಗೆ ಕಾಗದ ಬರಿ’ ಎಂದು ಅಪ್ಪಣೆಯಾಯಿತು. ಬರೆಯುತ್ತೇನೆ ಅಂದಿದ್ದೇನೆ.

ಒಂದೊಂದು ಕಡೆ ಕನ್ನಡಿಗನಿಗೆ ಫ್ರೆಂಚ್ ತವರಿನಂತೆ ಹಿತವಾಗುವುದೂ ಉಂಟು. ಇಂಗ್ಲಿಷಿನ ‘ಯೂ’ ನಾಯಿಗೂ ನ್ಯಾಯಾಧೀಶರಿಗೂ ಒಂದೇ. ಫ್ರೆಂಚಿನಲ್ಲಿ ‘ತ್ಯು’, ‘ವೂ’ ಅಂತ ಎರಡುಂಟು. ನೀನು, ನೀವು ಅಂತ ಬೆಳೆದ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಬ್ಯಾಂಕಿನ ಆ್ಯಪ್ ಗಿರಾಕಿಯನ್ನು ‘ನೀನು’ ಅಂದರೆ ಎಷ್ಟು ಉರಿಯುತ್ತದೆ ಎಂಬುದು ನಮಗೆ ರಕ್ತದಲ್ಲೇ ಗೊತ್ತು. ಹಾಗೆಯೇ ‘ನೋ’ ಎಂಬ ಕ್ರಿಯಾಪದ. ವಿಷಯ ತಿಳಿದಿದ್ದರೆ ‘ಸಾವ್ವಾರ್’, ಊರಿನ, ಮನುಷ್ಯರ ಪರಿಚಯವಿದ್ದರೆ ‘ಕೊನೇತ್ರ್’. ಮಂತ್ರಿಗಳು ಯಾರು ಅಂತ ಗೊತ್ತಿರುವುದು ಬೇರೆ, ಮಂತ್ರಿಗಳು ಗೊತ್ತಿರುವುದು ಬೇರೆ. ಕೆಲಸವಾಗುವುದು ಎರಡನೆಯದರಿಂದ.

ಇದೆಲ್ಲ ಯಂತ್ರ ಮಾಡುವುದಿಲ್ಲವೇ, ನೀನೇಕೆ ಒದ್ದಾಡುತ್ತೀ ಅಂತ ಕೇಳುವವರಿದ್ದಾರೆ. 1960ರಲ್ಲಿ ಯೆಹೋಶುವಾ ಬಾರ್-ಹಿಲೆಲ್ ಎಂಬ ಇಸ್ರೇಲಿ ವಿದ್ವಾಂಸ ಯಂತ್ರಾನುವಾದದವರ ಮುಂದೆ ಒಂದು ‘ಪೆನ್’ ಇಟ್ಟ. ಆಟದ ಪೆಟ್ಟಿಗೆ ‘ಪೆನ್’ನೊಳಗೆ ಸಿಕ್ಕಿತು ಅಂದರೆ ಅದು ಬರೆಯುವ ಪೆನ್ನಲ್ಲ, ಕೂಸನ್ನು ಕೂರಿಸುವ ಕಟಕಟೆ. ಮಗುವಿಗೂ ತಿಳಿಯುವ ಈ ಸಂಗತಿ ಯಂತ್ರಕ್ಕೆ ಹೇಗೆ ತಿಳಿಯಬೇಕು ಅಂದ. ಉತ್ತರ ಹುಡುಕಲು ದಶಕಗಳೇ ಹಿಡಿದವು. 1990ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಸಂಶೋಧಕರು ಕೆನಡಾ ಸಂಸತ್ತಿನ ನಡಾವಳಿಗೆ ಕೈಹಾಕಿದರು. ಅಲ್ಲಿ ಪ್ರತಿ ಮಾತೂ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಅಚ್ಚಾಗುತ್ತದೆ. ‘ಸೆಂಟೆನ್ಸ್’ಗೆ ಎದುರು ‘ಫ್ರಾಜ್’ ಇದ್ದರೆ ವಾಕ್ಯ, ‘ಪೆನ್’ ಇದ್ದರೆ ಜೈಲು ಶಿಕ್ಷೆ (ನೋಡಿ, ಇಲ್ಲೂ ಬೇರೊಂದು ಪೆನ್ನು!). ‘ಡ್ರಗ್’ಗೆ ಎದುರು ‘ಮೆದಿಕಮಾಂ’ ಇದ್ದರೆ ಔಷಧಿ, ‘ದ್ರೋಗ್’ ಇದ್ದರೆ ಪೊಲೀಸರಿಗೆ ಕೆಲಸ. ‘ಡ್ಯೂಟಿ’ಯದು ಮಾತ್ರ ಪರಮ ತಮಾಷೆ. ಕರ್ತವ್ಯವಾದರೆ ‘ದೆವ್ವಾರ್’, ಕೇಳಿದರೇ ಬೆಚ್ಚಬೇಕು. ಸುಂಕವಾದರೆ ‘ದ್ರ್ವಾ’; ಹಕ್ಕು ಎನ್ನುವುದಕ್ಕೂ ಫ್ರೆಂಚಿನಲ್ಲಿ ಅದೇ ಪದ. ಅಕ್ಕಪಕ್ಕದ ಮಾತು ನೋಡಿ ಯಾವ ಅರ್ಥ ಎಂದು ಊಹಿಸಲು ಯಂತ್ರ ಹೀಗೆ ಪಳಗಿತು. ಭಾಷಣಕಾರರಿಗೇ ನೆನಪಿಲ್ಲದ ಭಾಷಣಗಳು ಹೀಗೂ ಒಂದು ಉಪಕಾರ ಮಾಡಿದವು. ಆದರೆ ಪಕ್ಕದಲ್ಲಿ ಮಾತೇ ಇಲ್ಲದಿದ್ದರೆ? ಬಟನ್ ಮೇಲಿನ ಒಂಟಿ ಪದದ ಮುಂದೆ ಯಂತ್ರವೂ ನನ್ನಂತೆಯೇ ತಲೆ ಕೆರೆದುಕೊಳ್ಳಬೇಕು. ವ್ಯತ್ಯಾಸವೆಂದರೆ ಅದು ಕೆರೆದುಕೊಳ್ಳದೆ ಧೈರ್ಯವಾಗಿ ಒಂದು ಹೇಳಿಬಿಡುತ್ತದೆ.

ನಗುವ ವಿಷಯವಲ್ಲದ ಒಂದು ಉದಾಹರಣೆಯೂ ಇದೆ. 1967ರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯ ಕೈಗೊಂಡಿತು. ಯುದ್ಧದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲ್ ಸೇನೆ ಹಿಂದೆ ಸರಿಯಬೇಕು ಅಂತ. ಇಂಗ್ಲಿಷ್ ಪ್ರತಿಯಲ್ಲಿ ‘ಪ್ರದೇಶಗಳು’ ಎಂಬುದರ ಹಿಂದೆ ‘ದಿ’ ಇಲ್ಲ. ಹಾಗಾದರೆ ಎಲ್ಲ ಪ್ರದೇಶಗಳೋ, ಕೆಲವೋ? ಫ್ರೆಂಚ್ ಪ್ರತಿಯಲ್ಲಿ ಬಂದದ್ದು ‘ದೇ’. ಅದನ್ನು ‘ಆ ಪ್ರದೇಶಗಳಿಂದ’ ಅಂತ ಎಲ್ಲಕ್ಕೂ ಸೇರಿಸಿ ಓದಬಹುದು. ಒಂದು ಪಕ್ಷ ಇಂಗ್ಲಿಷ್ ಹಿಡಿಯಿತು, ಇನ್ನೊಂದು ಫ್ರೆಂಚ್ ಹಿಡಿಯಿತು. ಎರಡಕ್ಷರದ ಆ ಜಗಳ ಇವತ್ತಿಗೂ ತೀರಿಲ್ಲ.

ಹಾಗಂತ ಫ್ರೆಂಚ್ ತೀರಾ ಸಾಚಾ ಅಂದುಕೊಳ್ಳಬೇಡಿ. ಇಂಗ್ಲಿಷನ್ನು ಇಷ್ಟು ಗೋಳುಹೊಯ್ದುಕೊಳ್ಳುವ ಭಾಷೆಯಲ್ಲಿ ‘ಓತ್’ ಅಂದರೆ ಅತಿಥಿಯೂ ಹೌದು, ಆತಿಥ್ಯ ಕೊಡುವವನೂ ಹೌದು. ‘ಲೂಯೇ’ ಅಂದರೆ ಬಾಡಿಗೆಗೆ ಕೊಡುವುದು, ಬಾಡಿಗೆಗೆ ಹಿಡಿಯುವುದು, ಜತೆಗೆ ಹೊಗಳುವುದು. ಓನರ್ರು ಯಾರು, ಬಾಡಿಗೆದಾರ ಯಾರು ಅಂತ ತಿಳಿಯದ ಭಾಷೆಯಲ್ಲಿ ಬೆಂಗಳೂರಿನ ಒಂದು ಕರಾರುಪತ್ರ ಬರೆಸಿ ನೋಡಬೇಕು. ಊಟಕ್ಕೆ ಕೂತಾಗ ‘ಪ್ಲ್ಯುಸ್’ ಅಂದರೆ ಇನ್ನಷ್ಟು ಬಡಿಸಿ ಅಂತ; ಮಾತಿನಲ್ಲಿ ಕೊನೆಯ ‘ಸ್’ ನುಂಗಿ ‘ಪ್ಲ್ಯು’ ಅಂದರೆ ಇನ್ನು ಬೇಡ ಅಂತ. ಬರೆದರೆ ಎರಡಕ್ಕೂ ಒಂದೇ ಕಾಗುಣಿತ. ನಮ್ಮ ಮದುವೆಮನೆ ಪಂಕ್ತಿಯಲ್ಲಿ ಈ ವ್ಯವಸ್ಥೆ ಇದ್ದಿದ್ದರೆ ಎಲೆಯ ಮೇಲೆ ಹೋಳಿಗೆ ಗೋಪುರವೇ ಏಳುತ್ತಿತ್ತು. ಆದರೂ ನನ್ನ ತೀರ್ಪು ಫ್ರೆಂಚಿನ ಕಡೆಗೇ. ಅದರ ಕಾಟದಿಂದಾಗಿ, ಇಂಗ್ಲಿಷ್ ಬರೆದವರಿಗೂ ತಾವು ಏನು ಬರೆದೆವು ಅಂತ ಒಮ್ಮೆ ಯೋಚಿಸುವ ಪ್ರಸಂಗ ಬರುತ್ತದೆ.

ಆದ್ದರಿಂದ ಆ್ಯಪ್ ಬರೆಯುವ ತಮ್ಮಂದಿರಲ್ಲಿ, ತಂಗಿಯರಲ್ಲಿ ಒಂದು ಅರಿಕೆ. ಹಾಳೆಯಲ್ಲಿ ‘ಕಾಮೆಂಟ್’ ಎಂಬ ಕಾಲಂ ಇಟ್ಟಿರುವುದು ಅಲಂಕಾರಕ್ಕಲ್ಲ. ಪದ ಎಲ್ಲಿ ಬರುತ್ತದೆ, ಒತ್ತಿದರೆ ಏನಾಗುತ್ತದೆ ಅಂತ ಅಲ್ಲಿ ನಾಲ್ಕು ಮಾತು ಬರೆಯಿರಿ. ಇಂಗ್ಲಿಷಿನಲ್ಲೇ ಆಗಬೇಕೆಂದಿಲ್ಲ, ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಓದಿಕೊಳ್ಳಲು ನಾನಿದ್ದೇನೆ.