ಮೆಟ್ಟಿಲೂ ಇತಿಹಾಸವೂ

ಮೈಸೂರಿನವರು ಚಾಮುಂಡಿಬೆಟ್ಟ ಅಂತ ಪೂರ್ತಿ ಹೇಳುವುದಿಲ್ಲ, ಬರೀ 'ಬೆಟ್ಟ'. ನಮ್ಮ ತಾರಸಿಯಿಂದ ದಿನವೂ ಕಾಣುತ್ತದೆ. ಬಟ್ಟೆ ಒಣಹಾಕುವಾಗ ಅತ್ತ ತಿರುಗಿ ಕೈ ಮುಗಿದರೆ ನನ್ನ ದರ್ಶನ ಮುಗಿಯಿತು. ಮೇಲಕ್ಕೆ ಹೋಗುವುದು ಬೆಂಗಳೂರಿನ ನೆಂಟರು ಬಂದಾಗ, ಅದೂ ಬಸ್ಸಿನಲ್ಲಿ.

ಈ ಏರ್ಪಾಡನ್ನು ಕೆಡಿಸಿದವರು ನನ್ನ ಸೋದರತ್ತೆ. ಡಾಕ್ಟರು ನನಗೆ ನಡೆಯಲು ಹೇಳಿದ್ದು ಅವರ ಕಿವಿಗೆ ಬಿತ್ತು. "ಪಾರ್ಕು ಯಾಕೆ ಸುತ್ತುತೀಯೋ? ನನ್ನ ಮೆಟ್ಟಿಲುಪೂಜೆ ಹರಕೆ ಬಾಕಿ ಇದೆ, ಜೊತೆಗೆ ಬಾ. ಪುಣ್ಯವೂ ಬಂತು, ಬೊಜ್ಜೂ ಕರಗಿತು" ಅಂದರು. ಆಷಾಢ ಶುಕ್ರವಾರದ ನೂಕುನುಗ್ಗಲು ಬೇಡವೆಂದು ಒಂದು ಸಾದಾ ಮಂಗಳವಾರ, ಬೆಳಿಗ್ಗೆ ಆರಕ್ಕೇ ಪಾದದ ಹತ್ತಿರ ನಿಂತೆವು. ನಾನು ಬಿಳಿ ಪಂಚೆ, ಬರಿಗೈ. ಅತ್ತೆಗೆ ಎಪ್ಪತ್ತೆರಡು ವರ್ಷ, ಕೈಯಲ್ಲಿ ಅರಿಶಿನ ಕುಂಕುಮದ ಎರಡು ಬಟ್ಟಲು.

ಸಾವಿರ ಮೆಟ್ಟಿಲು ಅನ್ನುವುದು ವಾಡಿಕೆ. 1008 ಅಂತ ಒತ್ತಿ ಹೇಳುವವರೂ ಇದ್ದಾರೆ. ಖುದ್ದು ಎಣಿಸಿ ಜಗಳ ಬಗೆಹರಿಸೋಣವೆಂದು ಹೊರಟೆ. ನೂರಹತ್ತರಲ್ಲಿ ಉಸಿರು ಬಾಯಿಗೆ ಬಂತು. ಸುಸ್ತಾಯಿತು ಅನ್ನಲು ನಾಚಿಕೆ. ಹಿಂತಿರುಗಿ ಊರು ನೋಡಿ, "ಅತ್ತೆ, ಅಲ್ಲಿ ಅರಮನೆ ನೋಡಿ. ಹಳೇದು ಮರದ್ದು, 1897ರಲ್ಲಿ ಸುಟ್ಟುಹೋಯಿತು. ಇದು 1912ರಲ್ಲಿ ಮುಗಿದದ್ದು" ಅಂದು ಒಂದು ಮೆಟ್ಟಿಲ ಮೇಲೆ ಕುಳಿತೆ. ಹೀಗೇ ಇನ್ನೊಂದು ಕಡೆ ಲಲಿತಮಹಲ್ ನೆನಪಾಯಿತು: 1921, ವೈಸ್‌ರಾಯ್ ಬಂದರೆ ಇಳಿದುಕೊಳ್ಳಲು. ಮತ್ತೆ ಕುಳಿತೆ. ನನ್ನ ಇತಿಹಾಸಪ್ರಜ್ಞೆ ಅಷ್ಟು ತೀವ್ರವಾದದ್ದು ಅದೇ ಮೊದಲು.

ಅತ್ತೆ ಮಾತ್ರ ಬಗ್ಗಿ ಎರಡು ಬೆರಳಲ್ಲಿ ಅರಿಶಿನ ಎಳೆದು, ಅದರ ಮೇಲೆ ಕುಂಕುಮ ಒತ್ತಿ, ಎದ್ದು, ಮುಂದಿನದಕ್ಕೆ ಬಗ್ಗುತ್ತಿದ್ದರು. "ನೀನು ಕತೆ ಹೇಳ್ತಾ ಇರು, ನಾನು ಅಷ್ಟರಲ್ಲಿ ಇಪ್ಪತ್ತು ಮೆಟ್ಟಿಲು ಮುಗಿಸ್ತೀನಿ" ಅಂತ ಮೇಲಿನಿಂದ ಕೂಗಿದರು. ಒಬ್ಬ ಹುಡುಗ ನನ್ನ ಕಣ್ಣೆದುರೇ ಓಡಿಕೊಂಡು ಹತ್ತಿ, ಓಡಿಕೊಂಡು ಇಳಿದು, ಇನ್ನೊಮ್ಮೆ ಹತ್ತಿದ. ಅವನಿಗೆ ಇತಿಹಾಸ ಗೊತ್ತಿಲ್ಲ, ಪಾಪ.

ನಂದಿ ಸಿಕ್ಕಿತೆಂದರೆ ಏಳುನೂರು ಮೆಟ್ಟಿಲು ಆಯಿತು ಅನ್ನುತ್ತಾರೆ. ನನ್ನ ಲೆಕ್ಕ 583ರಲ್ಲಿತ್ತು. ಕೂತಾಗಲೆಲ್ಲ ಎಣಿಕೆ ಹಿಂದಕ್ಕೆ ಜಾರಿತ್ತೋ ಏನೋ. ಒಂದೇ ಬಂಡೆಯಲ್ಲಿ ಕಡೆದ ಆ ಬಸವ ಮೂರೂವರೆ ಶತಮಾನದಿಂದ ಕಾಲು ಮಡಿಸಿ ಕೂತಿದ್ದಾನೆ, ಏಳು ಅಂತ ಯಾರೂ ಹೇಳಿಲ್ಲ. ಮೆಟ್ಟಿಲು ಕಟ್ಟಿಸಿದ ದೊಡ್ಡದೇವರಾಜ ಒಡೆಯರೇ ಅವನನ್ನು ಇಲ್ಲಿ ಕೂರಿಸಿದ್ದಂತೆ. ಹತ್ತುವವರ ಕಷ್ಟ ಬಲ್ಲ ದೊರೆ. ಉಪ್ಪುಖಾರ ಹಾಕಿದ ಸೌತೆಕಾಯಿ ತಿಂದು, ಅವನ ಪಕ್ಕದಲ್ಲೇ ಉಳಿದುಬಿಡುವ ಯೋಚನೆ ಮಾಡುತ್ತಿದ್ದಾಗ ಅತ್ತೆ ಸೆರಗು ಸಿಕ್ಕಿಸಿ ಹೊರಟೇಬಿಟ್ಟರು.

ಮೇಲೆ, ಮುಮ್ಮಡಿ ಕೃಷ್ಣರಾಜ ಒಡೆಯರ ಏಳಂತಸ್ತಿನ ಗೋಪುರದ ಮುಂದೆ ನಿಂತು, "ಇದು 1827…" ಅಂತ ಶುರುಮಾಡಿದೆ. ಅತ್ತೆ ಕೇಳುತ್ತಿರಲಿಲ್ಲ. ನನ್ನ ಭುಜ ಹಿಡಿದು ಗರಕ್ಕನೆ ಹಿಂದಕ್ಕೆ ತಿರುಗಿಸಿದರು.

"ಅಯ್ಯೋ ರಾಮ! ಏಳೆಂಟು ಮೆಟ್ಟಿಲ ಪೂಜೆ ಪೂರಾ ನಿನ್ನ ಪಂಚೆಯಲ್ಲೇ ಇದೆಯಲ್ಲೋ!"

ಅವರು ಪೂಜೆ ಮುಗಿಸಿದ ಮೆಟ್ಟಿಲಿನ ಮೇಲೇ ನಾನು ಅಷ್ಟೂ ಸಲ ಕುಳಿತದ್ದು. ಬಸ್ಸಿನಲ್ಲಿ ಇಳಿಯುವಾಗ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಬಟ್ಟಲಲ್ಲಿ ಮಿಕ್ಕ ಕುಂಕುಮ ನೋಡಿಕೊಂಡು ಕೇಳಿದರು:

"ಯಾವ್ಯಾವ ಮೆಟ್ಟಿಲ ಮೇಲೆ ಕೂತಿದ್ದೆ, ನೆನಪಿದೆಯೇನೋ? ಮುಂದಿನ ಮಂಗಳವಾರ ಬರಬೇಕಲ್ಲ."