ಖಾತೆ ಹಂಚಿಕೆ

ವಿಜಯನಗರ ಮಾರುತಿ ಮಂದಿರದ ಹತ್ತಿರ, ಬೈಟು ಕಾಫಿ.

‘ಮೇಷ್ಟ್ರೇ, ಖಾತೆ ಸಿಕ್ತಾ?’

‘ನಾನೇನು ಮಂತ್ರಿನೇನಪ್ಪಾ?’

‘ಅವರಾದ್ರೆ ದೆಹಲಿಗೆ ಹೋಗ್ಬಂದ್ರೆ ಸಾಕು. ನಿಮ್ಮದು ಇ–ಖಾತಾ. 2024ರಿಂದ ಅದಿಲ್ದೆ ಮನೆ ಮಾರಂಗಿಲ್ಲ. ಆಧಾರ್, ಕ್ರಯಪತ್ರ, ಬೆಸ್ಕಾಂ ನಂಬರು, ಮನೆ ಫೋಟೊ...’

‘ಫೋಟೊ ತೆಗೆದೆ ಕಣಯ್ಯಾ. ಮುಂದೆ ಬಾಡಿಗೆಯವನ ಲುಂಗಿ ಒಣಗ್ತಿತ್ತು. ಮಾಲೀಕ ಯಾರು ಅಂತ ಕಂಪ್ಯೂಟರ್‌ಗೇ ಡೌಟು!’

‘ಇಸಿ, ಅದೇ ಋಣಭಾರ ಪತ್ರ?’

‘ನಲ್ಲೀಲಿ ಕಾವೇರಿಗೆ ಕಾದಿದ್ದು ಸಾಲ್ದು ಅಂತ ನೋಂದಣಿ ಇಲಾಖೆಯ ಕಾವೇರಿ 2.0ಗೂ ಕಾದೆ. ಬಂತು. ಋಣಭಾರ ಇಲ್ಲವಂತೆ. ಸೈಬರ್ ಸೆಂಟರಿನವನ ಋಣ ಒಂದು ಬಾಕಿ.’

‘ಈಗ ಫೇಸ್‌ಲೆಸ್ಸಂತೆ, ಮುಖ ನೋಡಂಗೇ ಇಲ್ಲ.’

‘ಪಾಪ, ಮುಖ ತೋರಿಸ್ದೆ ಕೈ ಚಾಚೋದು ಕಷ್ಟ ಅಲ್ವಾ?’

‘ಕೆಂಗೇರಿ ಭಾವಮೈದಂದು?’

‘ಅವನು ಬಿ ಖಾತಾ. ತೆರಿಗೆ ಮಾತ್ರ ಎ ಗ್ರೇಡಲ್ಲೇ ಕಟ್ತಾನೆ.’

‘ಅಂತೂ ಖಾತಾ ಬಂದ್ರೆ ಮನೆ ನಿಮ್ಮದೇ.’

‘ಎಲ್ಲೀದು! ಖಾತಾ ಬರೀ ತೆರಿಗೆ ಲೆಕ್ಕ. ಒಡೆತನಕ್ಕೆ ಕ್ರಯಪತ್ರಾನೇ ನೋಡೋದು.’

‘ಅದೆಲ್ಲಿದೆ?’

‘ಬೀರುವಲ್ಲಿ, ರೇಷ್ಮೆ ಸೀರೆ ಅಡಿ. ಬೀಗದ ಕೈ ನಮ್ಮ ಮನೆಯವಳ ಸೊಂಟದಲ್ಲಿ.’

‘ಮಾಲೀಕರು ಯಾರು ಅಂತ ಗೊತ್ತಾಯ್ತು ಬಿಡಿ.’