ಇದ್ದರೆ ತಾನೆ ಸೋರುವುದು

ಮೈಸೂರಿನಲ್ಲಿ ಹಳೆಯ ಯೆಜ್ಡಿ ಇಟ್ಟುಕೊಂಡವನಿಗೆ ಸಲಹೆಗೆ ಬರವಿಲ್ಲ. ಬೇರೆ ಬೈಕು ಕೆಟ್ಟು ನಿಂತರೆ ಜನ ಬಳಸಿಕೊಂಡು ಹೋಗುತ್ತಾರೆ. ಯೆಜ್ಡಿ ಕೆಟ್ಟು ನಿಂತರೆ ಬಳಿಗೆ ಬರುತ್ತಾರೆ. ಬಂದವರಲ್ಲಿ ಅರ್ಧ ಜನರ ಮಾವನೋ ಷಡ್ಡಕನೋ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಇನ್ನರ್ಧ ಜನ ಆ ಕಾರ್ಖಾನೆಯ ಕಾಂಪೌಂಡು ಹಾದು ಸ್ಕೂಲಿಗೆ ಹೋದವರು. ಸಲಹೆ ಕೊಡಲು ಅಷ್ಟು ಅರ್ಹತೆ ಸಾಕು. 1961ರಲ್ಲಿ ಅಲ್ಲಿಂದ ಜಾವಾಗಳು ಹೊರಬರತೊಡಗಿದವು, 1973ರಲ್ಲಿ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಮುಚ್ಚಿದ್ದು ಕಾರ್ಖಾನೆ ಮಾತ್ರ. ಅದರ ಸರ್ವಿಸ್ ವಿಭಾಗ ಊರಿನ ಬೀದಿಗಳಲ್ಲಿ ಇನ್ನೂ ನಡೆಯುತ್ತಿದೆ, ಸಂಬಳವಿಲ್ಲದೆ.

ನನ್ನದು ಎಂಬತ್ತರ ದಶಕದ 250 ಸಿಸಿ ಗಾಡಿ. ಒಂದು ಗ್ಯಾರೇಜಿನಲ್ಲಿ ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿಸಿದೆ. ಬೋರ್ ಮಾಡಿಸಿ ಹೊಸ ಪಿಸ್ಟನ್ನು, ಜೋಡಿ ಸೈಲೆನ್ಸರಿಗೆ ಕ್ರೋಮು, ಎಂಜಿನ್ನಿಗೆ ಮೂಲೆಮುಡುಕು ಬಿಡದೆ ಬೆಳ್ಳಿ ಬಣ್ಣ. ಮನೆಗೆ ಬಂದಾಗ ಹೆಂಡತಿ ಆರತಿ ಎತ್ತಿ, ಚಕ್ರದಡಿ ನಿಂಬೆಹಣ್ಣು ಇಟ್ಟಳು. ನಿಂಬೆಹಣ್ಣಿನ ರಸ ಒಣಗುವ ಮೊದಲೇ ಪಕ್ಕದಲ್ಲಿ ಒಂದು ಕಪ್ಪು ಹನಿ ಕಾಣಿಸಿತು. ಬೆಳಿಗ್ಗೆ ಎದ್ದು ನೋಡಿದರೆ ಅವಳು ರಂಗೋಲಿಗೆಂದು ತೊಳೆದಿಟ್ಟ ಜಾಗದಲ್ಲಿ ಗಾಡಿಯೇ ಮೊದಲ ಚುಕ್ಕಿಗಳನ್ನು ಇಟ್ಟು ಮುಗಿಸಿತ್ತು.

ಟು ಸ್ಟ್ರೋಕ್ ಗಾಡಿಗೆ ಎರಡು ಬಗೆಯ ಆಯಿಲ್ಲು ಬೇಕು. ಒಂದನ್ನು ಪೆಟ್ರೋಲಿಗೇ ಬೆರೆಸುತ್ತೇವೆ, ಲೀಟರಿಗೆ 40 ಮಿಲಿ. ಅದು ಪಿಸ್ಟನ್ನಿಗೆ ಜಾರುವಿಕೆ ಕೊಟ್ಟು, ತಾನು ಸುಟ್ಟು, ಹೊಗೆಯಾಗಿ ಹೋಗಬೇಕಾದ್ದೇ. ಇನ್ನೊಂದು ಕ್ಲಚ್ಚು, ಗೇರುಗಳ ಮನೆಯಲ್ಲಿರುವುದು. ಅದು ಎಲ್ಲಿಗೂ ಹೋಗುವ ಹಾಗಿಲ್ಲ, ಹಾಕಿದಲ್ಲೇ ಬಿದ್ದಿರಬೇಕು. ನನ್ನ ಗಾಡಿಯಲ್ಲಿ ದೇಶಾಂತರ ಹೊರಟದ್ದು ಈ ಎರಡನೆಯದು.

ಗ್ಯಾರೇಜಿನವರು ಫೋನೆತ್ತುವುದನ್ನು ನಿಲ್ಲಿಸಿದ ಮೇಲೆ, ಜಾವಾ-ಯೆಜ್ಡಿ ಬಿಟ್ಟು ಬೇರೆ ಗಾಡಿ ಮುಟ್ಟದ ಉಸ್ತಾದರೊಬ್ಬರ ಶೆಡ್ಡಿಗೆ ಹೋದೆ. ಅವರು ಕೂತಲ್ಲಿಂದಲೇ ಬಗ್ಗಿ ನೋಡಿ, "ಸೋರ್ತಿದೆಯಲ್ಲ ಸಾರ್, ಒಳ್ಳೇದಾಯ್ತು," ಅಂದರು. ನನ್ನ ಮುಖ ನೋಡಿ ಸೇರಿಸಿದರು: "ಇದ್ರೆ ತಾನೆ ಸಾರ್ ಸೋರೋದು? ಸೋರೋದು ನಿಂತ ದಿವಸ ಭಯ ಪಡಿ."

ಮೊದಲು ಪತ್ತೇದಾರಿಕೆ. ಸೋರಿಕೆ ಹುಟ್ಟುವುದು ಒಂದು ಕಡೆ, ಹನಿ ಬೀಳುವುದು ಇನ್ನೊಂದು ಕಡೆ. ನಡುವೆ ಅದು ಎಂಜಿನ್ನಿನ ತಳ ಹಿಡಿದು ತೆವಳಿಕೊಂಡು ಹೋಗುತ್ತದೆ. ಉಸ್ತಾದರ ಮಾತಿನಂತೆ ರಾತ್ರಿ ಗಾಡಿಯ ಕೆಳಗೆ ದಿನಪತ್ರಿಕೆ ಹಾಸಿಟ್ಟೆ. ಬೆಳಿಗ್ಗೆ ಒಬ್ಬ ಮಂತ್ರಿಗಳ ಹಣೆಯ ಮೇಲೆ, ಸಾವಯವ ಕೃಷಿ ಮೇಳದ ಮೇಲೆ, ರಾಶಿಭವಿಷ್ಯದಲ್ಲಿ ಕನ್ಯಾ ರಾಶಿಯ ಮೇಲೆ ಹನಿ ಬಿದ್ದಿತ್ತು. ನಮ್ಮ ಮಾವನವರು ಕನ್ಯಾ ರಾಶಿ; ಅವತ್ತು ಅವರಿಗೆ ಗಾಡಿಯ ಮೇಲಿದ್ದ ಅಷ್ಟಿಷ್ಟು ಪ್ರೀತಿಯೂ ಹೋಯಿತು. ಉಸ್ತಾದರು ಪೇಪರನ್ನು ತಿರುಗಿಸಿ ತಿರುಗಿಸಿ ಓದಿ ತೀರ್ಪು ಕೊಟ್ಟರು: ಮಂತ್ರಿಗಳದ್ದು ಡ್ರೈನ್ ಬೋಲ್ಟಿನ ವಾಷರು, ಕೃಷಿ ಮೇಳದ್ದು ಕ್ಲಚ್ ಕವರಿನ ಪ್ಯಾಕಿಂಗು, ಮಾವನವರದ್ದು ಕಿಕ್ಕರ್ ಶಾಫ್ಟು.

ವಾಷರಿನ ಕೆಲಸ ನನ್ನ ಪಾಲಿಗೆ ಬಂತು. ತಾಮ್ರದ ವಾಷರು ಒತ್ತಿ ಒತ್ತಿ ಗಡುಸಾಗಿ, ಬೋಲ್ಟಿಗೆ ಕೂಡಿಕೊಳ್ಳುವುದನ್ನು ಬಿಡುತ್ತದೆ. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆದುವಾಗುತ್ತದೆ. ಅಡುಗೆಮನೆಯ ಒಲೆಯ ಮೇಲೆ, ಅಡುಗೆಮನೆಯ ಇಕ್ಕಳದಲ್ಲೇ ಹಿಡಿದು ಕಾಯಿಸಿದೆ. ಹಸಿರು ಜ್ವಾಲೆ ಎದ್ದು ತಾಮ್ರ ಕೆಂಪಾಗುವಾಗ ಬಲು ಚಂದ. ಅದೇ ಇಕ್ಕಳದಲ್ಲಿ ಇಳಿಸಿದ ಹಾಲಿಗೆ ಅವತ್ತು ಬಂದ ವಾಸನೆ ಅಷ್ಟು ಚಂದವಿರಲಿಲ್ಲವೆಂದು ಮನೆಯಲ್ಲಿ ಎಲ್ಲರೂ ಒಮ್ಮತದಿಂದ ಹೇಳಿದರು.

ಕ್ಲಚ್ ಕವರನ್ನು ಬಿಚ್ಚಿದರೆ ಅದರ ಅಂಚಿನಲ್ಲಿ ಹಿಂದಿನವರ ಚರಿತ್ರೆಯೆಲ್ಲ ಇತ್ತು. ಕವರು ಬರದಿದ್ದಾಗ ಸ್ಕ್ರೂಡ್ರೈವರ್ ತೂರಿಸಿ ಮೀಟಿದವರ ಗುರುತು, ಉಳಿ ಇಟ್ಟು ಹೊಡೆದವರ ಗುರುತು. ಆ ಹಳ್ಳಗಳನ್ನು ಮುಚ್ಚಲೆಂದು ಹಚ್ಚಿದ ಅನಾಬಾಂಡು ಅಂಟು ಪದರ ಪದರವಾಗಿ ನಿಂತಿತ್ತು. ಉಸ್ತಾದರು ದಪ್ಪ ಗಾಜಿನ ಹಲಗೆಯ ಮೇಲೆ ಎಮರಿ ಪೇಪರ್ ಹಾಸಿ, ಕವರಿನ ಅಂಚಿಗೆಲ್ಲ ಸ್ಕೆಚ್ ಪೆನ್ನಿನಲ್ಲಿ ನೀಲಿ ಬಳಿದು, ಎಂಟರ ಆಕಾರದಲ್ಲಿ ಉಜ್ಜತೊಡಗಿದರು. ಉಬ್ಬಿದ ಕಡೆ ನೀಲಿ ಹೋಗಿ ಲೋಹ ಹೊಳೆಯಿತು, ತಗ್ಗಿನಲ್ಲಿ ನೀಲಿ ಉಳಿಯಿತು. ಸುತ್ತಲೂ ಒಂದೇ ಸಮ ಹೊಳೆಯುವವರೆಗೂ ಅವರು ಮಾತಾಡಲಿಲ್ಲ. ಆಮೇಲೆ ಪ್ಯಾಕಿಂಗ್ ಹಾಳೆಯನ್ನು ಕವರಿನ ಮೇಲಿಟ್ಟು, ಗುಂಡು ತಲೆಯ ಸುತ್ತಿಗೆಯಿಂದ ಅಂಚಿಗುಂಟ ಟಕಟಕ ಬಡಿಯುತ್ತ ಹೋದರು. ಕತ್ತರಿ ಮುಟ್ಟದೆ ಹಾಳೆ ತಾನಾಗಿ ಕವರಿನ ಆಕಾರಕ್ಕೆ ಕಡಿದು ಬಂತು.

ಕಿಕ್ಕರ್ ಶಾಫ್ಟಿಗೂ ಹೊಸ ಸೀಲು ಬಿತ್ತು. ಮರುದಿನ ನೆಲ ಒಣ. ಅದರ ಮರುದಿನವೂ ಒಣ. ನಾನು ಬೀಗಿದೆ. ಆದರೆ ಗಾಡಿ ಸ್ಟಾರ್ಟ್ ಮಾಡಿದರೆ ಎರಡೂ ಸೈಲೆನ್ಸರಿನಿಂದ ಎದ್ದ ಬಿಳಿ ಹೊಗೆ ಬೀದಿ ತುಂಬಿತು. ಎದುರುಮನೆಯ ಅಜ್ಜಿ ಸೊಳ್ಳೆಗೆ ಕಾರ್ಪೊರೇಷನ್ನಿನವರು ಬಂದರೆಂದು ಕಿಟಕಿ ಮುಚ್ಚಿಕೊಂಡರು. ಉಸ್ತಾದರು ಗೇರ್‌ಬಾಕ್ಸಿನ ಆಯಿಲ್ ನೋಡಿದರು. ಹೊರಗೆ ಒಂದು ಹನಿ ಬಿದ್ದಿಲ್ಲ, ಒಳಗೆ ಅರ್ಧ ಇಲ್ಲ. "ನಾ ಹೇಳಿದ್ನಲ್ಲ ಸಾರ್," ಅಂದರು.

ಸೋರಿಕೆ ಒಳಮುಖವಾಗಿತ್ತು. ಟು ಸ್ಟ್ರೋಕಿನಲ್ಲಿ ಪಿಸ್ಟನ್ನು ಮೇಲೇರುವಾಗ ಕೆಳಗೆ ಕ್ರ್ಯಾಂಕಿನ ಮನೆಯಲ್ಲಿ ಎಳೆತ ಹುಟ್ಟುತ್ತದೆ. ಕಾರ್ಬೊರೇಟರಿನಿಂದ ಪೆಟ್ರೋಲು ಬರುವುದೇ ಆ ಎಳೆತಕ್ಕೆ. ಕ್ರ್ಯಾಂಕಿಗೂ ಕ್ಲಚ್ಚಿಗೂ ನಡುವೆ ಗಡಿ ಕಾಯುವುದು ಒಂದು ರಬ್ಬರ್ ಆಯಿಲ್ ಸೀಲು. ಅದರ ತುಟಿ ಹರಿದರೆ ಪೆಟ್ರೋಲಿನ ಜೊತೆ ಗೇರಿನ ಆಯಿಲ್ಲನ್ನೂ ಎಂಜಿನ್ನು ಎಳೆದುಕೊಂಡು ಕುಡಿಯುತ್ತದೆ. ನಮ್ಮ ಸೀಲು ಹೊಸದೇ. ಗ್ಯಾರೇಜಿನವರು ತೂರಿಸುವ ಅವಸರದಲ್ಲಿ ಶಾಫ್ಟಿನ ಕೀ ಕೂರುವ ತೋಡಿನ ಅಂಚಿಗೆ ತಾಗಿ ಕೊಯ್ದುಹೋಗಿತ್ತು. ಉಸ್ತಾದರು ಇನ್ನೊಂದು ಸೀಲು ತೆಗೆದರು. ನಂದಿನಿ ಹಾಲಿನ ಖಾಲಿ ಪ್ಯಾಕೆಟ್ ಕತ್ತರಿಸಿ ಶಾಫ್ಟಿಗೆ ಸುತ್ತಿ, ಆಯಿಲ್ ಸವರಿ, ಅದರ ಮೇಲೆ ಸೀಲನ್ನು ಜಾರಿಸಿ ಕೂರಿಸಿ, ಪ್ಯಾಕೆಟ್ಟನ್ನು ಮೆಲ್ಲಗೆ ಎಳೆದುಕೊಂಡರು. ಯಾವ ದೇಶದ ವಿಶೇಷ ಟೂಲೂ ಇಷ್ಟು ಅಗ್ಗಕ್ಕೆ, ಅದೂ ದಿನಾ ಬೆಳಿಗ್ಗೆ ಮನೆಬಾಗಿಲಿಗೆ, ಬರಲಾರದು.

ಇನ್ನು ಟ್ರಯಲ್. ಎಲ್ಲಿಗೆ ಎಂದು ಬೀದಿಯಲ್ಲಿ ಕೇಳಿದ್ದೇ ತಡ, "ಬೆಟ್ಟಕ್ಕೆ ಹತ್ತಿಸಿ ಸಾರ್!" ಎಂಬ ಒಕ್ಕೊರಲ ತೀರ್ಮಾನ. ಮೈಸೂರಿನಲ್ಲಿ ಹೊಸ ಮದುಮಕ್ಕಳಿಗೂ ರಿಪೇರಿಯಾದ ಗಾಡಿಗೂ ಒಂದೇ ದಾರಿ, ಚಾಮುಂಡಿ ಬೆಟ್ಟ. ಉಸ್ತಾದರು ಮಾತ್ರ ಕೈ ಅಡ್ಡ ಹಿಡಿದರು. ಹೊಸ ಪಿಸ್ಟನ್ನಿಗೆ ಹತ್ತುವಾಗ ಕಾವು ಏರಿ ಸೀಜಾಗುವ ಭಯ. ಇಳಿಯುವಾಗ ಇನ್ನೂ ಕಷ್ಟ: ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದರೆ ಪೆಟ್ರೋಲು ಬರುವುದಿಲ್ಲ, ಪೆಟ್ರೋಲು ಬರದಿದ್ದರೆ ಅದರಲ್ಲಿ ಬೆರೆತ ಆಯಿಲ್ಲೂ ಬರುವುದಿಲ್ಲ, ಪಿಸ್ಟನ್ನು ಒಣಗಿದ ಬಾಯಲ್ಲೇ ಓಡಬೇಕು. "ಅಮ್ಮನಿಗೆ ಇಲ್ಲಿಂದ್ಲೇ ಕೈ ಮುಗೀರಿ," ಅಂದರು. ಪೆಟ್ರೋಲಿಗೆ ಆಯಿಲ್ಲನ್ನು ಲೀಟರಿಗೆ 50 ಮಿಲಿಗೆ ಏರಿಸಿ, ನಲವತ್ತು ದಾಟಬೇಡಿ, ಒಂದೇ ಸ್ಪೀಡಿನಲ್ಲಿ ಹಿಡಿಯಬೇಡಿ, ಎಡಗೈ ಬೆರಳು ಕ್ಲಚ್ಚಿನ ಮೇಲೇ ಇರಲಿ ಎಂದು ಹೇಳಿ ಶ್ರೀರಂಗಪಟ್ಟಣದ ಕಡೆ ತಿರುಗಿಸಿದರು. ಹೊರಡುವ ಮುಂಚೆ ಎಂಜಿನ್ನಿಗೆಲ್ಲ ಮುಖಕ್ಕೆ ಹಚ್ಚುವ ಪೌಡರನ್ನು ಧಾರಾಳವಾಗಿ ಎರಚಿದರು. ಆಯಿಲ್ ಎಲ್ಲಿ ಒಸರಿದರೂ ಬಿಳಿಯ ಮೇಲೆ ಕಂದು ಗೆರೆ ಬಿದ್ದು ಸಿಕ್ಕಿಬೀಳುತ್ತದೆ.

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ನಮಗೆ ಸರ್ವಿಸ್ ರಸ್ತೆ. ನಲವತ್ತರಲ್ಲಿ ಹೋಗುವವನಿಗೆ ಆ ಕಾನೂನು ತನಗಾಗಿಯೇ ಮಾಡಿದಂತೆ ಅನಿಸುತ್ತದೆ. ಟ್ರಾಕ್ಟರ್ ಹಿಂದಿಕ್ಕಿತು. ಕಬ್ಬಿನ ಲಾರಿ ಹಿಂದಿಕ್ಕಿತು. ಸೈಕಲ್ ತುಳಿಯುತ್ತಿದ್ದ ಹುಡುಗ ಪಕ್ಕಕ್ಕೆ ಬಂದು, ಎಂಜಿನ್ನನ್ನು ನೋಡಿ, "ಅಂಕಲ್, ಗಾಡಿಗೆ ಪೌಡರ್ ಯಾಕೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದ. ನನ್ನ ಕಿವಿಯೆಲ್ಲ ಎಂಜಿನ್ನಿನಲ್ಲಿತ್ತು. ಹೊಸದಾಗಿ ಕಟ್ಟಿದ ಗಾಡಿ ಓಡಿಸುವಾಗ ಕೇಳದ ಸದ್ದಿಲ್ಲ; ಜೇಬಿನ ಚಿಲ್ಲರೆಯೂ ಬೇರಿಂಗಿನಂತೆ ಕೇಳುತ್ತದೆ. ಆದರೂ ಖಾಲಿ ರಸ್ತೆಯಲ್ಲಿ ಜೋಡಿ ಸೈಲೆನ್ಸರಿನ ಆ ಡುಬುಡುಬು ಹಿಡಿತಕ್ಕೆ ಬಂದಾಗ, ಕಾಸು ಕಳೆದದ್ದು, ಹಾಲು ಕೆಟ್ಟದ್ದು, ಮಾವ ಮುನಿದದ್ದು ಎಲ್ಲ ಮರೆತು ಹೋಯಿತು.

ಮರಳಿ ಬಂದು ನೋಡಿದರೆ ಪೌಡರಿನ ಮೇಲೆ ಕಿಕ್ಕರ್ ಶಾಫ್ಟಿನಿಂದ ಸಣ್ಣಗೆ ಒಂದು ಕಂದು ಗೆರೆ. ಕವರಿನ ಅಂಚಿನಲ್ಲೂ ತುಸು. ಎಲ್ಲ ಹೊಸ ಸೀಲು, ಹೊಸ ಪ್ಯಾಕಿಂಗು. ತಣ್ಣಗಿದ್ದಾಗ ಒಣ, ಕಾದಾಗ ಮಾತ್ರ ಒದ್ದೆ. ಉಸ್ತಾದರೂ ನಾನೂ ಗೇಟಿನ ಬಳಿ ತಲೆ ಕೆರೆದುಕೊಂಡು ನಿಂತಿದ್ದೆವು. ಹೆಂಡತಿ ಟೀ ತಂದಿಟ್ಟು, ನಮ್ಮ ಚರ್ಚೆಯನ್ನು ಸ್ವಲ್ಪ ಹೊತ್ತು ಸಹಿಸಿ ಕೇಳಿದಳು:

"ರೀ, ಇದಕ್ಕೆ ವಿಷಲ್ ಎಲ್ಲಿದೆ?"

"ಹಾರ್ನಾ?"

"ಹಾರ್ನಲ್ಲ. ಕುಕ್ಕರ್ ಗ್ಯಾಸ್ಕೆಟ್ ಹತ್ರ ಸೋರಿದ್ರೆ ಗ್ಯಾಸ್ಕೆಟ್ ಬದಲಾಯಿಸೋಕೆ ಮುಂಚೆ ವಿಷಲ್ ಕಟ್ಕೊಂಡಿದೆಯಾ ಅಂತ ನೋಡ್ತೀವಿ. ಹಬೆ ಎಲ್ಲಾದ್ರೂ ಹೋಗ್ಬೇಕಲ್ಲ?"

ಉಸ್ತಾದರು ಟೀ ಲೋಟ ಕೆಳಗಿಟ್ಟರು. ಗೇರ್‌ಬಾಕ್ಸು ಕಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಲೆಂದೇ ಬ್ರೀದರ್ ಎಂಬ ಸಣ್ಣ ತೂತು ಇರುತ್ತದೆ. ಹುಡುಕಿದರೆ ತೂತು ಇರಲಿಲ್ಲ. ಅದರ ಜಾಗದಲ್ಲಿ ನುಣ್ಣನೆಯ, ಹೊಳೆಯುವ ಬೆಳ್ಳಿ ಬಣ್ಣವಿತ್ತು. ಮೂಲೆಮುಡುಕು ಬಿಡದೆ ಬಳಿದಿದ್ದನಲ್ಲ ಪುಣ್ಯಾತ್ಮ! ಹೆಂಡತಿ ಸೆರಗಿನಿಂದ ಪಿನ್ನು ತೆಗೆದುಕೊಟ್ಟಳು. ಉಸ್ತಾದರು ಚುಚ್ಚಿದರು. ಉಸ್ ಎಂದಿತು. ಅಷ್ಟೇ. ಅವತ್ತಿನಿಂದ ಅವರು ನಮ್ಮ ಮನೆಗೆ ಬಂದರೆ "ಮೇಡಂ ಇದ್ದಾರಾ?" ಎಂದು ಮೊದಲು ಕೇಳುತ್ತಾರೆ.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ಬಳಗದವರಿಗೆ ಹಬ್ಬ. ನಾನೂ ಗಾಡಿ ಒರೆಸಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದೆ. ಅಲ್ಲಿ ಯಾರೂ ಟ್ಯಾಂಕು, ಕ್ರೋಮು ನೋಡುವವರಲ್ಲ. ಬಂದವರೆಲ್ಲ ನಮಸ್ಕಾರ ಹೇಳುತ್ತಲೇ ಮೊಣಕಾಲೂರಿ ಬಗ್ಗಿ ಕೆಳಗೆ ನೋಡುತ್ತಾರೆ. ಸಾಲಿನುದ್ದಕ್ಕೂ ಪ್ರತಿ ಗಾಡಿಯ ಕೆಳಗೂ ಒಂದೊಂದು ಕಪ್ಪು ಚುಕ್ಕಿ. ನನ್ನದರ ಕೆಳಗೆ ಮಾತ್ರ ನೆಲ ಒಣಗಿಕೊಂಡಿತ್ತು. ಹೊಗಳಿಕೆಗೆ ಕಾದು ನಿಂತೆ. ನೋಡಿದವರೆಲ್ಲ ಎದ್ದು ನನ್ನ ಮುಖವನ್ನು ಮರುಕದಿಂದ ನೋಡಿ ಮುಂದೆ ಸಾಗಿದರು. ಕೊನೆಗೆ ಹಾಸನದ ಕಡೆಯ ಒಬ್ಬ ಹಿರಿಯರು ಹತ್ತಿರ ಬಂದು, ಸುತ್ತ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬ್ಯಾಗಿನಿಂದ ಒಂದು ಲೀಟರ್ ಗೇರ್ ಆಯಿಲ್ ತೆಗೆದು ನನ್ನ ಕೈಗಿಟ್ಟರು. "ಸಂಕೋಚ ಮಾಡ್ಕೋಬೇಡಿ, ಮೊದಲು ಹಾಕ್ಕೊಳ್ಳಿ. ದುಡ್ಡು ಆಮೇಲೆ ಕೊಟ್ರಾಯ್ತು."